ಡಬ್ಲಿನ್ನಿನ ಮುಚ್ಚಿದ ಬಾಗಿಲು

ಅಕ್ಕಾ,

ನಿಘಂಟಿನವರು ನನ್ನನ್ನು ಕರೆಸಿದ್ದು ಬಾಗಿಲಿಗೆ ನಮ್ಮ ಐರಿಷ್ ಮಾತಲ್ಲಿ ಅನ್ನುವ ‘ದೊರಸ್’ ಪದಕ್ಕಾಗಿ. ಅದು ಹುಟ್ಟಿದ್ದೆಲ್ಲಿ, ವ್ಯಾಕರಣದಲ್ಲಿ ಗಂಡೋ ಹೆಣ್ಣೋ, ನಮ್ಮ ಬಾಯಲ್ಲಿ ಹೇಗೆ ಹೊರಳುತ್ತದೆ ಎಂದೆಲ್ಲ ಬರೆದುಕೊಳ್ಳುತ್ತಾರಂತೆ. ನಮ್ಮೂರಲ್ಲಿ ಮನೆಗಳಿಗೆ ಹೋಗುವ ಹಾಗೆ, “ಒಳಗಿರೋರನ್ನ ದೇವ್ರು ಚೆನ್ನಾಗಿಟ್ಟಿರಲಿ” ಎನ್ನುತ್ತ ನೇರವಾಗಿ ಅವರ ಕಚೇರಿಯೊಳಗೆ ಹೋದೆ.

“ಬಾಗಿಲು ತಟ್ಟದೇ ನುಗ್ಗೋದಾ? ಹೊರಗೆ ನಿಂತಿರಮ್ಮ, ಕರೀತೀವಿ” ಎಂದು ಅಲ್ಲಿದ್ದ ನಿಘಂಟಿನ ಪಂಡಿತ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ.

“ಹಾಡಹಗಲೇ ಬಾಗಿಲು ಹಾಕ್ಕೊಂಡಿದ್ದೀರಲ್ಲ, ಒಳಗೆ ಯಾರಾದ್ರೂ ಸತ್ತಿದ್ದಾರಾ?” ಎಂದು ಕೂಗಿದೆ.

ಒಂದು ಗಂಟೆ ನಿಂತು ನಿಂತು ನನ್ನ ಮಂಡಿ ಊದಿಕೊಂಡಿದೆ. ಶುಕ್ರವಾರ ಬಸ್ಸಿನ ಹತ್ತಿರ ಭಾವನ ಕತ್ತೆಗಾಡಿ ಕಳಿಸು.

ಪದ ಹೇಳದೆಯೇ ಹೊರಟು ಬಂದೆ. ಬೇಕಿದ್ದರೆ ನಮ್ಮ ಮನೆಗೇ ಬಂದು ಕೇಳಲಿ. ಅಲ್ಲಿ ಅವರೇನೂ ತಟ್ಟಬೇಕಾಗಿಲ್ಲ.

ನಿನ್ನ ತಂಗಿ ಸೈವ್