ಕಡೆಯ ನುಡಿಯಲ್ಲಿದ್ದ ಹೆಸರು

ದೋಸ್ತ ಯಲ್ಲಪ್ಪಾ,

ಹೊಳೆಆಲೂರು ಸ್ಟೇಷನ್ನಿನ ಆ ಬೆಳಗು ನಿನಗೆ ನೆನಪಿದೆಯೇ? ನಾಡೆಲ್ಲ ಒಂದಾಯಿತೆಂದು ಪೇಡೆ ಹಂಚಿದ ವರ್ಷವೇ ಮೂವರಿದ್ದ ನಿನ್ನ ಗೀಗೀ ಮೇಳ ಮೂರು ದಾರಿಯಾಯಿತು. ಪದ ಕಟ್ಟಿ ದಪ್ಪು ಬಾರಿಸುವವನು ನೀನು, ತುಂತುಣಿಯ ತಂತಿ ಮೀಟಲು ಇಮಾಮ, ನಿನ್ನ ದನಿಗೆ ದನಿ ಸೇರಿಸಲು ಶಿವಲಿಂಗ. ನಾನು ಹಾಡುವವನಲ್ಲ. ಪುರಾಣದಲ್ಲಿ ಸಂದೇಹ ಬಂದಾಗ ನೀವು ರೋಣಕ್ಕೆ ಬಂದು ಬಾಗಿಲು ಬಡಿಯುತ್ತಿದ್ದ ಪುಸ್ತಕದ ಹುಚ್ಚ, ಅಷ್ಟೇ. ಆದರೂ ಅಂದು ಶಿವಲಿಂಗನನ್ನು ಗಾಡಿ ಹತ್ತಿಸಲು ನಿಮ್ಮ ಜೊತೆ ನಾನೂ ಬಂದಿದ್ದೆ.

"ಧಾರವಾಡ ರೇಡಿಯೋದವರು ನನ್ನೊಬ್ಬನ್ನ ಕರದಾರ. ಮೂರೂ ಮಂದೀನ ಕರದಿದ್ರ ಕೂಡೇ ಹೋಗತಿದ್ವಿ" ಎಂದ ಶಿವಲಿಂಗ, ನಿನ್ನ ಮುಖ ನೋಡದೆ.

"ಒಬ್ಬನ ಗೀಗೀ ಅಂದ್ರ ಮದುಮಗಳಿಲ್ಲದ ಮದವಿ ಅಲ್ಲೇನೋ?" ಎಂದೆ ನೀನು.

ಇಮಾಮ ನಕ್ಕ. "ಊಟಾ ಆಕ್ಕೈತಲ್ಲ, ಹೋಗ್ಲಿ ಬಿಡು."

ಆಮೇಲೆ ನೀನು ಶಿವಲಿಂಗನಲ್ಲಿ ಕೇಳಿಕೊಂಡದ್ದು ಒಂದೇ ಮಾತು. "ಎಲ್ಲೇರ ಹಾಡು, ಕಡೀ ನುಡಿ ಬಿಡಬ್ಯಾಡ." ಕಡೆಯ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ಬರಬೇಕು ಎಂಬುದು ನಿಮ್ಮ ಪದಗಳ ಕಟ್ಟಳೆ. ಗಜೇಂದ್ರಗಡದ ನೇಕಾರ ಯಲ್ಲಪ್ಪ ಎಂದು ನಾಲ್ಕು ಮಂದಿಯ ಕಿವಿಗೆ ಬೀಳುವುದೇ ನಿನ್ನ ಗಳಿಕೆ. ಬೇರೆ ಏನಿತ್ತು ನಿನಗೆ? ಶಿವಲಿಂಗ ನಿನ್ನ ಕೈ ಹಿಡಿದು "ಬಿಟ್ರ ನನ್ನ ನಾಲಿಗಿ ಸೇದಿ ಹೋಗಲಿ" ಎಂದ. ಆ ನಾಲಿಗೆ ಈಗಲೂ ಚೆನ್ನಾಗಿಯೇ ಇದೆ, ಯಲ್ಲಪ್ಪಾ.

ಮೇಳ ಮುಗಿದ ಮೇಲೆ ನೀನು ಮಗ್ಗಕ್ಕೆ ಕುಳಿತೆ, ಲಾಳಿಯ ಸಪ್ಪಳಕ್ಕೆ ಪದ ಹೊಂದಿಸುತ್ತಿದ್ದೆ, ಕೆಮ್ಮುತ್ತಿದ್ದೆ; ಆ ಕೆಮ್ಮೇ ನಿನ್ನನ್ನು ಒಯ್ದಿತು. ನಿನ್ನನ್ನು ಮಣ್ಣಿಗಿಟ್ಟ ದಿನ ಅವರಿಬ್ಬರೂ ಬರಲಿಲ್ಲ. ಶಿವಲಿಂಗನಿಗೆ ಧಾರವಾಡದಲ್ಲಿ ಕಾರ್ಯಕ್ರಮವಂತೆ. ಇಮಾಮ ನಾಟಕ ಕಂಪನಿ ಸೇರಿದ್ದ, ನರಗುಂದದಲ್ಲಿ ಅವರು ಡೇರೆ ಹಾಕಿದ್ದರು. ನರಗುಂದವೇನು ಕಾಶಿಯಷ್ಟು ದೂರವೇ?

ಆ ನಾಟಕಕ್ಕೆ ನಾನು ಹೋದದ್ದು ನೀನು ತೀರಿಕೊಂಡ ಮೇಲೆ. ಎರಡು ದೃಶ್ಯಗಳ ನಡುವೆ, ಪರದೆಯ ಹಿಂದೆ ಸಾಮಾನು ಎಳೆದಾಡುವಾಗ ಜನ ಎದ್ದು ಹೋಗದಿರಲೆಂದು ಇಮಾಮ ಬಣ್ಣ ಬಳಿದುಕೊಂಡು ಕುಣಿದ. ಹಾಡಿದ್ದು ನಿನ್ನ ಪದ. ಕಡೆಯ ನುಡಿಯೂ ಬಂತು. ಆದರೆ ನಿನ್ನ ಹೆಸರಿನ ಜಾಗದಲ್ಲಿ ಕಂಪನಿ ಮಾಲೀಕನ ಹೆಸರು ಕುಳಿತಿತ್ತು. ಒಳಗೆ ಹೋಗಿ ಕೇಳಿದೆ, "ಯಲ್ಲಪ್ಪನ ಹೆಸರ ಎಲ್ಲಿ ಹೋತೋ?"

ಅವನು ಮುಖದ ಬಣ್ಣ ಒರೆಸಿಕೊಳ್ಳುತ್ತಲೇ ಇದ್ದ. "ಮಾಲಕರ ಹೆಸರಿಗೆ ಚಪ್ಪಾಳಿ ಬೀಳತಾವ ಅಣ್ಣಾರ. ಸತ್ತಾವ ಕೇಳಾಕ ಬರತಾನೇನ್ರಿ?"

ಬರುವುದಿಲ್ಲ ಎಂದು ಇಷ್ಟು ಖಾತ್ರಿಯಿದ್ದವರು ಲೋಕದಲ್ಲಿ ಎಷ್ಟು ಜನ...

ಇನ್ನು ಶಿವಲಿಂಗನದು. ಒಂದು ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ರೇಡಿಯೋದಲ್ಲಿ ಅವನ ದನಿ ಬಂತು, ಹಾಡುತ್ತಿದ್ದುದು ನಿನ್ನ ಪದ. ದನಿ ಚಲೋ ಇದೆ, ಸುಳ್ಳು ಹೇಳಲಾರೆ. ಕಡೆಯ ನುಡಿ ಬರಬೇಕು ಎನ್ನುವಷ್ಟರಲ್ಲಿ ಹಾಡು ನಿಂತಿತು. "ಇದುವರೆಗೆ ಜಾನಪದ ಗೀತೆ ಕೇಳಿದಿರಿ" ಎಂದರು. ಹಾಡಿದವನ ಹೆಸರು ಹೇಳಿದರು. ಕಟ್ಟಿದವನೇ ಇಲ್ಲದೆ ಪದ ಹುಲ್ಲಿನ ಹಾಗೆ ತಾನೇ ಹುಟ್ಟಿತೆ? ಗಲ್ಲಾದ ಮೇಲಿದ್ದ ಹೋಟೆಲ್ ಮಾಲೀಕನಿಗೆ ಇದು ಯಲ್ಲಪ್ಪನ ಪದವೆಂದು ಸಿಟ್ಟಿನಿಂದ ಹೇಳಿದರೆ ಅವನು, "ಹಳೇ ಕಾಲದ್ದು ಬಿಡ್ರಿ, ಯಾರ ಕಟ್ಟಿದ್ದೋ ಏನೋ" ಎಂದ. ನಿನ್ನ ಗೋರಿಯ ಮಣ್ಣು ಇನ್ನೂ ಸರಿಯಾಗಿ ಕುಸಿದು ಕೂತಿರಲಿಲ್ಲ, ಅಷ್ಟರಲ್ಲೇ ನೀನು ಹಳೇ ಕಾಲ. ಪುಸ್ತಕಗಳಲ್ಲಿ 'ಕವಿ ಯಾರೆಂದು ತಿಳಿಯದು' ಎಂದು ಓದಿದಾಗ ಮೊದಲೆಲ್ಲ ನಾನು ಕಾಲವನ್ನು ದೂರುತ್ತಿದ್ದೆ. ಈಗ ಅಂಥ ಒಬ್ಬೊಬ್ಬ ಕವಿಗೂ ಒಬ್ಬ ಶಿವಲಿಂಗ ಇದ್ದಿರಬೇಕು ಅನಿಸುತ್ತದೆ.

ಕೊಣ್ಣೂರಿನಲ್ಲಿ ಸವಾಲು ಹಾಡಿ ನಿನ್ನನ್ನು ಅಡ್ಡಗಟ್ಟುತ್ತಿದ್ದ ಚಂದ್ರವ್ವನನ್ನು ಮರೆತಿಲ್ಲ ತಾನೆ? ಗಂಡು ಹೆಚ್ಚೆಂದು ನಿನ್ನ ಹರದೇಶಿ, ಹೆಣ್ಣು ಹೆಚ್ಚೆಂದು ಅವಳ ನಾಗೇಶಿ. ಬೆಳತನಕ ಒಬ್ಬರ ಕುಲ ಒಬ್ಬರು ಜಾಲಾಡುತ್ತಿದ್ದಿರಿ. ಹೋದ ವಾರ ಅಲ್ಲಿ ಅವಳ ಮೇಳವಿತ್ತು, ಎದುರಿಗೆ ಯಾರೂ ಇರಲಿಲ್ಲ. ಅವಳು ದಪ್ಪು ಎತ್ತಿ ಮೊದಲು ಹಾಡಿದ್ದು ನಿನ್ನ ಪದ. ಇಡೀ ಪದ. ಕಡೆಗೆ ದನಿ ಏರಿಸಿ, ಗಜೇಂದ್ರಗಡದ ನೇಕಾರ ಯಲ್ಲಪ್ಪ ಹಿಂಗಂದಾನ ಎಂದು ಮುಗಿಸಿ, ಆಮೇಲೆ ಜವಾಬು ಹಾಡುತ್ತ ಅದನ್ನು ಹರಿದು ಹಾಕತೊಡಗಿದಳು.

ಹಾಡು ಮುಗಿದ ಮೇಲೆ ಕೇಳಿದೆ, "ಎದುರಿಗೆ ಯಾರೂ ಇಲ್ಲ, ಅವನ ಪದ ಯಾಕ ಹಾಡಿದೆವ್ವಾ?"

"ಎದುರಿನವನ ಪದಾ ಹೆಸರಿನ ಸಮೇತ ಹಾಡದ ಜವಾಬು ಕೊಡೂದು ಯಾವ ರೀತಿರಿ ಅಣ್ಣಾರ? ಆ ಭಾಡ್ಯಾ ನನಗ ಜವಾಬು ಕೊಡಾಕ ಬಿಡದ ಸತ್ತಾನ. ನಾ ಬಿಡಾಕಿ ಅಲ್ಲ." ಆಮೇಲೆ ದನಿ ತಗ್ಗಿಸಿದಳು. "ಅವಗ ಪುರಾಣ ತಗದು ಕೊಡತಿದ್ದವರು ನೀವ ಅಲ್ಲೇನ್ರಿ? ಅವನ್ನ ಕೆಡವೂವಂಥಾ ಕತಿ ಒಂದು ನನಗೂ ಹುಡುಕಿ ಕೊಡ್ರಿ."

ನಿನ್ನ ದೋಸ್ತರು ಅಳಿಸಿದ ಹೆಸರನ್ನು ನಿನ್ನ ವೈರಿ ಊರೂರು ಹೊತ್ತು ತಿರುಗುತ್ತಿದ್ದಾಳೆ. ಇದು ನೀನು ಕೇಳದೆ ಹೋದ ಸುದ್ದಿ. ನಾನು ಒಪ್ಪಿಕೊಂಡೆ, ಬಯ್ಯಬೇಡ. ಹುಡುಕುತ್ತಿದ್ದೇನೆ. ನಿನ್ನನ್ನು ಅಲುಗಾಡಿಸುವಂಥ ಕತೆ ಕೊಡುತ್ತೇನೆ, ಪೂರ್ತಿ ಕೆಡವುವಂಥದ್ದನ್ನು ಮಾತ್ರ ಕೊಡುವುದಿಲ್ಲ. ಅವಳ ಜವಾಬು ಮುಗಿದ ದಿನ ನಿನ್ನ ಹೆಸರನ್ನು ಹಾಡುವವರು ಯಾರು?

ನಿನ್ನ,
ಗುರುಪಾದ