ಸೋಮವಾರ ಬರುವವರ ಅಕೌಂಟ್‌ಗಳು

ಶಿವನಂಜು ಸರ್,

ನನಗೆ ಮದುವೆಯಾಯಿತು! ಎಲ್ಲಕ್ಕಿಂತ ಮೊದಲು ನಿಮಗೆ ಇದನ್ನೇ ಹೇಳಬೇಕು. "ಮುಹೂರ್ತಕ್ಕೆ ಬಂದೇ ಬರ್ತೀನಿ ಕಣಮ್ಮ, ಬೀಗರೂಟದ ಬಾಡಿಗೆ ಮಾತ್ರ ಕರೀಬೇಡ, ಆ ವಾಸ್ನೆಗೇ ಓಡೋಗ್ಬುಡ್ತೀನಿ" ಅಂತ ನಗಿಸಿದ್ದು ನೆನಪಿದೆಯಾ? ಮುಹೂರ್ತಕ್ಕೂ ಬರಲಿಲ್ಲ ನೀವು. ಅಷ್ಟರೊಳಗೆ ಆ ಎದೆನೋವಿನಲ್ಲಿ ನೀವೇ ಹೊರಟುಬಿಟ್ಟಿರಿ... ಹೋಗಲಿ. ಹುಡುಗನ ಹೆಸರು ಕಿರಣ್, ಕಡಕೊಳದಲ್ಲಿ ಫ್ಯಾಕ್ಟರಿ ಕೆಲಸ. ದಟ್ಟಗಳ್ಳಿಯಲ್ಲಿ ಮನೆ ಮಾಡಿದ್ದೇವೆ. ಎಷ್ಟು ಒಳ್ಳೆಯವನು ಅಂದರೆ ಸರ್, ನನ್ನ ಉಪ್ಪಿಲ್ಲದ ಸಾರನ್ನು ಎರಡೆರಡು ಸಲ ಬಡಿಸಿಕೊಳ್ಳುತ್ತಾನೆ! ಇಷ್ಟು ಖುಷಿಯಲ್ಲಿರಬೇಕಾದವಳು ಭಾನುವಾರ ಮಧ್ಯಾಹ್ನ ಅವನನ್ನು ಒಬ್ಬನನ್ನೇ ಬಿಟ್ಟು ನಿಮಗೆ ಯಾಕೆ ಬರೆಯುತ್ತಾ ಕೂತಿದ್ದೇನೆ?

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ, ನಿಮ್ಮ ಕೈಕೆಳಗೆ, ನನ್ನ ಮೊದಲ ವಾರ ನೆನಪಾಗುತ್ತಿದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆಲ್ಲ ಕಂಪ್ಯೂಟರ್ ಅಕೌಂಟ್ ತೆರೆದುಕೊಡಲು ನನಗೆ ಹೇಳಿದ್ದಿರಿ. ನಾನು ಒಂದೊಂದೇ ಹೆಸರು ಟೈಪ್ ಮಾಡುತ್ತಿದ್ದೆ. ಹಿಂದೆ ಬಂದು ನಿಂತು, "ಏನಮ್ಮ, ಹೂ ಕಟ್ತಿದ್ದೀಯಾ?" ಅಂದಿರಿ. ಆಮೇಲೆ ನೀವು ಬರೆದಿಟ್ಟ ಪುಟ್ಟ ಪ್ರೋಗ್ರಾಂ, ನಿಮ್ಮ ಸ್ಕ್ರಿಪ್ಟ್, ತೋರಿಸಿದಿರಿ. ಎಕ್ಸೆಲ್ ಹಾಳೆಯ ಒಂದೊಂದು ಸಾಲನ್ನೂ ತಾನೇ ಓದಿ, ಅಕೌಂಟ್ ತೆರೆದು, ಪಾಸ್‌ವರ್ಡ್ ಕೊಟ್ಟು, ಮುಂದಿನ ಹೆಸರಿಗೆ ಹೋಗುವಂಥದ್ದು. ಕಾಫಿ ಆರುವ ಮೊದಲೇ ಇಡೀ ಬ್ಯಾಚ್ ಮುಗಿಸುತ್ತದೆ ಅಂದಿರಿ. ನಾನು ಚಪ್ಪಾಳೆ ತಟ್ಟಿದ್ದೆ!

"ಚಪ್ಪಾಳೆ ಆಮೇಕೆ ತಟ್ಟು, ಏಳು" ಅಂತ ನೀವು ನನ್ನನ್ನು ಮೂರನೇ ಮಹಡಿಯ ವಾರ್ಡಿಗೆ ಹತ್ತಿಸಿದ್ದೂ ಅವತ್ತೇ. ಅದು ನಿಮ್ಮ ಪದ್ಧತಿ. ಎಲ್ಲರಿಗೂ ಓಡಿಸುವ ಮೊದಲು ಒಂದೇ ಒಂದು ಅಕೌಂಟ್ ಮಾಡಬೇಕು, ಅದನ್ನು ಬಳಸುವವರ ಕುರ್ಚಿಗೇ ಹೋಗಿ ಕೂತು ಲಾಗಿನ್ ಆಗಿ ನೋಡಬೇಕು. "ನಿನ್ ರೂಮಲ್ಲಿ ಎಲ್ಲಾ ಸರಿಯಾಗೇ ಕಾಣ್ತದೆ. ಅಲ್ಲಿ ಕೂತ್ಕೊಂಡ್ರೆ ತಾನೇ ಗೊತ್ತಾಗೋದು?" ಆ ಮಾತು ಹೀಗೆ ಚುಚ್ಚೀತು ಅಂತ ಆಗ ಯಾರಿಗೆ ಗೊತ್ತಿತ್ತು?

ಶುಕ್ರವಾರ ಮ್ಯಾನೇಜರ್ ಕರೆದರು. ಬಿಲ್ಲಿಂಗ್ ಕೌಂಟರನ್ನು ಬೇರೆ ಏಜೆನ್ಸಿಗೆ ಕೊಟ್ಟಾಗಿದೆಯಂತೆ. ಸೋಮವಾರದಿಂದ ಹೊಸಬರು. ಅಷ್ಟೂ ಜನಕ್ಕೆ ಅಕೌಂಟ್ ಸಿದ್ಧವಿರಬೇಕು, ಭಾನುವಾರ ಸಂಜೆ ಹಳಬರದ್ದನ್ನು ಮುಚ್ಚಬೇಕು. "ಅವರಿಗೆ ಹೇಳಿದೀರಾ ಸರ್?" ಅಂದೆ. "ಮೊದ್ಲೇ ಹೇಳಿದ್ರೆ ಗಲಾಟೆ ಆಗುತ್ತೆ ಮೇಡಂ. ಬಂದಾಗ ಗೊತ್ತಾಗುತ್ತಲ್ಲ. ನೀವು ಬಾಯ್ಬಿಡ್ಬೇಡಿ" ಅಂದರು. ಹೇಗೆ ಗೊತ್ತಾಗುತ್ತದೆ ಸರ್? ಬೆಳಿಗ್ಗೆ ಬಂದು ಪಾಸ್‌ವರ್ಡ್ ಹಾಕುತ್ತಾರೆ, ಪರದೆ ಒಳಗೆ ಬಿಡುವುದಿಲ್ಲ. ಕೆಲಸ ಹೋಯಿತೆಂದು ಹೇಳುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟಿದ್ದಾರೆ. ಅಂದರೆ ನನಗೆ.

ನಿನ್ನೆ ಬೆಳಿಗ್ಗೆ ನಿಮ್ಮ ಪದ್ಧತಿಯಂತೆ ಒಂದೇ ಅಕೌಂಟ್ ಮಾಡಿ ಕೌಂಟರಿಗೆ ಹೋದೆ. ಬೇರೆ ಯಾರದ್ದಾದರೂ ಕುರ್ಚಿ ಖಾಲಿ ಇರಬಾರದಿತ್ತೇ? ಶೋಭಕ್ಕ ಎದ್ದು ತಮ್ಮದನ್ನೇ ಬಿಟ್ಟುಕೊಟ್ಟರು. ನಿಮಗೆ ಗೊತ್ತಲ್ಲ, ರೋಗಿಗಳ ಕಡೆಯವರು ಬಿಲ್ ನೋಡಿ ಅತ್ತರೆ ತಾವೇ ನೀರು ತಂದುಕೊಡುವ ಶೋಭಕ್ಕ. ನನ್ನ ಮದುವೆಗೆ ಕೌಂಟರಿನ ಹೆಂಗಸರನ್ನೆಲ್ಲ ಒಂದೇ ಬಣ್ಣದ ಸೀರೆ ಉಡಿಸಿ ಕರೆತಂದಿದ್ದರು.

"ಬಾರೇ ಮದುಮಗಳೇ, ಕೂತ್ಕೋ. ಮೊಕ ನೋಡು, ಎಂಗೆ ಒಳೀತದೆ! ಗಂಡ ಚೆನ್ನಾಗ್ ನೋಡ್ಕೊತಾನೇನೇ?"

"ಸಾರಿಗೆ ಉಪ್ಪಿಲ್ದಿದ್ರೂ ತಿಂತಾನೆ ಅಕ್ಕ."

"ಇನ್ನೊಂದ್ ವರ್ಷ ತಡಿ, ಲೋಟ ಎಸೀತಾನೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋನಿನಲ್ಲಿ ಮದುವೆ ಫೋಟೋ ತೋರಿಸಿದೆ. ಹಾಗೆ ನಗುತ್ತಲೇ ಅವರ ಕುರ್ಚಿಯಲ್ಲಿ ಕೂತು, ಅವರ ಜಾಗಕ್ಕೆ ಬರುವವಳ ಹೆಸರಿನಲ್ಲಿ ಲಾಗಿನ್ ಆದೆ. ಬಿಲ್ ತೆರೆಯಿತು. ಪ್ರಿಂಟೂ ಬಂತು. ಎಲ್ಲ ಸರಿ ಇತ್ತು. "ಹೊಸಬ್ರು ಬತ್ತಾರಾ? ಸದ್ಯ, ನಮಗೂ ಒಂದ್ ಕೈ ಆಯ್ತದೆ" ಅಂದರು ಶೋಭಕ್ಕ. ನಾನು ಹೂಂ ಅಂದೆನೋ, ಸುಮ್ಮನೆ ತಲೆಯಾಡಿಸಿದೆನೋ...

ಸಂಜೆ ಕಿರಣನಿಗೆ ಹೇಳಿದೆ. "ನೀನೇನೂ ತೆಗೀತಿಲ್ವಲ್ಲೇ ಅವರನ್ನ. ಹೇಳಿದ್ರೆ ನಿನ್ ಕೆಲ್ಸಾನೂ ಹೋಗ್ತದೆ ಕಣೆ, ಸುಮ್ನಿದ್ಬುಡು" ಅಂದ. ಅವನು ಹೇಳುವುದರಲ್ಲಿ ತಪ್ಪೇನಿದೆ? ಆದರೂ ರೇಗಾಡಿದೆ. ನಮ್ಮ ಮೊದಲ ಜಗಳ ಸರ್. ಬೆನ್ನು ತಿರುಗಿಸಿ ಮಲಗಿದೆವು.

ಈಗ, ಊಟವಾದ ಮೇಲೆ, ಶೋಭಕ್ಕನಿಗೆ ಫೋನ್ ಮಾಡಿಬಿಟ್ಟೆ. ಎಲ್ಲವನ್ನೂ ಹೇಳಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು, ಯಾರೂ ಆರಿಸಲಿಲ್ಲ.

"ನೆನ್ನೆ ನನ್ ಕುರ್ಚೀಲಿ ಕೂತಿದ್ದಲ್ಲ, ಅವಾಗ್ಲೇ ಗೊತ್ತಿತ್ತೇನೇ?"

"ಗೊತ್ತಿತ್ತು ಅಕ್ಕ."

"ಮತ್ತೆ ಯಾಕ್ ನಗ್ತಿದ್ದೆ?"

ನೀವಾಗಿದ್ದರೆ... ನೀವಾಗಿದ್ದರೆ ಬಹುಶಃ ನಗುತ್ತಲೇ ಇರಲಿಲ್ಲ. ಕುಕ್ಕರ್ ಆರಿಸಿ ಬಂದು ಅವರೇ ಅಂದರು: "ನಾಳೆ ಬೇಗ್ನೆ ಎಲ್ರೂ ಸೇರ್ಕೊಂಡು, ಮ್ಯಾನೇಜರ್‌ನಲ್ಲ, ಆಸ್ಪತ್ರೆ ದೊಡ್ಡ ಡಾಕ್ಟ್ರನ್ನೇ ಕಾಣ್ತೀವಿ. ಯಾರ್ ಹೇಳಿದ್ದು ಅಂತ ಕೇಳ್ತಾರೆ."

"ನನ್ನ ಹೆಸರೇ ಹೇಳಿ ಅಕ್ಕ."

ಅವರು ಫೋನ್ ಇಟ್ಟರು. ಕಿರಣ್ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಈಗ ಒಬ್ಬನೇ ಪಾತ್ರೆ ತೊಳೆಯುತ್ತಿದ್ದಾನೆ.

ಹೊಸಬರ ಅಕೌಂಟ್‌ಗಳೆಲ್ಲ ಸಿದ್ಧವಾಗಿವೆ. ನಿಮ್ಮ ಸ್ಕ್ರಿಪ್ಟ್ ಒಂದೂ ತಪ್ಪಿಲ್ಲದೆ ಓಡಿತು. ಹಳಬರದ್ದನ್ನು ನಾನು ಮುಚ್ಚಿಲ್ಲ, ಯಾರಾದರೂ ಅವರೆದುರು ನಿಂತು ಬಾಯಲ್ಲಿ ಹೇಳುವವರೆಗೆ ಮುಚ್ಚುವುದೂ ಇಲ್ಲ. ನಾಳೆ ಬೆಳಿಗ್ಗೆ ಶೋಭಕ್ಕ ಪಾಸ್‌ವರ್ಡ್ ಹಾಕಿದರೆ ಪರದೆ ತೆರೆಯುತ್ತದೆ ಸರ್. ನನ್ನದು ಎಷ್ಟು ದಿನ ತೆರೆಯುತ್ತದೋ ಗೊತ್ತಿಲ್ಲ.

ನಿಮ್ಮ,
ಚೈತ್ರ