ಗೇಟಿನ ಬಣ್ಣ

ಅಪ್ಪಾ,

ರೇಡಿಯೋದಲ್ಲಿ ನಿಮ್ಮ ದನಿ ಗಟ್ಟಿಯಾಗಿತ್ತಂತೆ. ಹಾಗಾಗಿ ಆರೋಗ್ಯ ಹೇಗಿದೆ ಎಂದು ಕೇಳುವುದಿಲ್ಲ.

ದೇಶದ ಆರ್ಥಿಕತೆ ಚೇತರಿಸಿಕೊಳ್ಳಲು ಏನು ಮಾಡಬೇಕೆಂದು ಜನರನ್ನೇ ಕೇಳುವ ಆ ಕಾರ್ಯಕ್ರಮವನ್ನು ಬಸ್ ಕಾರ್ಖಾನೆಯವರು ಊಟದ ಬಿಡುವಿನಲ್ಲಿ ಒಟ್ಟಿಗೆ ಕೂತು ಕೇಳುತ್ತಾರೆ. "ನಷ್ಟದ ಸರ್ಕಾರಿ ಕಾರ್ಖಾನೆ ಮುಚ್ಚಿಬಿಡಿ. ಇಲ್ಲಿನ ಬಸ್ ಕಾರ್ಖಾನೆಯಲ್ಲಿ ಕೆಲಸ ಇಲ್ಲದೆ ಒಂದೇ ಗೇಟಿಗೆ ಮತ್ತೆ ಮತ್ತೆ ಬಣ್ಣ ಬಳೀತಾರೆ" ಎಂದಿರಂತೆ. ಅದು ನಮ್ಮನೆಯಲ್ಲಿ ಊಟಕ್ಕೆ ಕೂತಾಗ ನಿಮ್ಮ ಅಳಿಯ ನಗುತ್ತಾ ಹೇಳಿದ ಮಾತು.

ನೀವು ಗಂಟಲು ಸರಿಮಾಡಿಕೊಂಡಾಗಲೇ ಇವರಿಗೆ ಗೊತ್ತಾಯಿತಂತೆ. ನಿಮ್ಮ ಮಾತು ಮುಗಿದು ನಿರೂಪಕಿ ನಿಮ್ಮ ಹೆಸರು ಹೇಳುವಷ್ಟರಲ್ಲಿ ಎದ್ದು ಹೋಗಿ ರೇಡಿಯೋ ನಿಲ್ಲಿಸಿದರಂತೆ. ಒಳಗಿನ ಮಾತು ಹೊರಗೆ ಹಾಕಿದವರು ಯಾರೆಂದು ಮ್ಯಾನೇಜರು ಬಣ್ಣದ ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಕರೆಸುತ್ತಿದ್ದಾರೆ. ನಾಳೆ ಇವರ ಸರದಿ.

ನಾನು ಕೂಗಾಡಿದೆ. ಇವರು, "ಮಾವ ಸುಳ್ಳೇನೂ ಹೇಳಿಲ್ವಲ್ಲ, ಬಿಡು" ಅಂದರು. ನಿಮ್ಮನ್ನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಒಳ್ಳೆಯ ಸಲಹೆ ಕೊಟ್ಟವರಿಗೆ ಸನ್ಮಾನ ಮಾಡುತ್ತಾರಂತೆ. ದಯವಿಟ್ಟು ಹೋಗಬೇಡಿ. ಭಾನುವಾರ ಎಂದಿನಂತೆ ಊಟಕ್ಕೆ ಬನ್ನಿ. ಬರದಿದ್ದರೆ ಜನ ಅದನ್ನೂ ಗಮನಿಸುತ್ತಾರೆ. ನಮ್ಮ ಬೀದಿಯಲ್ಲಿ ಎಲ್ಲವೂ ಕಾರ್ಖಾನೆಯವರದೇ ಮನೆ. ಯಾರಾದರೂ ಮಾತಾಡಿಸಿದರೆ ತಲೆಯಾಡಿಸಿ, ಸಾಕು. ದನಿ ತೆಗೆಯಬೇಡಿ.

ಒಳಗೆ ಬಂದ ಮೇಲೆ ಎಷ್ಟು ಬೇಕಾದರೂ ಮಾತಾಡಿ. ನೀವೇ ಆಡಬೇಕು. ಇವರು ಈಗ ಊಟಕ್ಕೆ ಕೂತರೆ ಉಪ್ಪು ಕೇಳುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆಯುವುದಿಲ್ಲ.

ನಿಮ್ಮ ಮಗಳು